ಪೆನಿಸಿಲಿನ್ ನಮ್ಮ ಮಗೂಗೆ ಆಗೋಲ್ಲ!

ಈ ಹದಿನೈದು ದಿನದ ಟಪಾಲಿನಲ್ಲಿ ಮೂರು ಪತ್ರಗಳು ಒಂದೇ ವಿಷಯ ಹೊತ್ತು ಬಂದಿವೆ. ಮೂರನ್ನೂ ಒಟ್ಟಿಗೆ ಮುಂದಿಟ್ಟುಕೊಂಡು ಉತ್ತರ ಬರೆಯುವುದೇ ಸರಿ ಅನ್ನಿಸಿತು. ಮೊದಲನೆಯದು ಹಾಸನದ ಕಡೆಯ ತಾಯಿಯೊಬ್ಬರದು:

“ನನ್ನ ಮಗನಿಗೆ ಒಂದೂವರೆ ವರ್ಷವಿದ್ದಾಗ ಮೂರು ದಿನ ಬಿಡದೆ ಜ್ವರ ಕಾಯಿತು. ಡಾಕ್ಟರು ಒಂದು ಆಂಟಿಬಯಾಟಿಕ್ ಸಿರಪ್ ಬರೆದುಕೊಟ್ಟರು. ನಾಲ್ಕನೇ ದಿನ ಜ್ವರ ಬಿಟ್ಟಿತು, ಆದರೆ ಎದೆ ಬೆನ್ನಿನ ತುಂಬ ಕೆಂಪು ದದ್ದು. ಮಗು ಆಡಿಕೊಂಡೇ ಇತ್ತು. ಗಾಬರಿಯಾಗಿ ಔಷಧಿ ನಿಲ್ಲಿಸಿದೆವು. ಅಂದಿನಿಂದ ಅವನ ಚೀಟಿಯ ಮೇಲೆಲ್ಲ ‘ಪೆನಿಸಿಲಿನ್ ಅಲರ್ಜಿ’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಈಗ ಅವನಿಗೆ ಒಂಬತ್ತು ವರ್ಷ, ಗಂಟಲು ನೋವು ಪದೇ ಪದೇ. ಜೀವಮಾನವಿಡೀ ಹೀಗೆಯೇ ಇರಬೇಕೆ?”

ಎರಡನೆಯ ಪತ್ರ ಆರು ವರ್ಷದ ಹುಡುಗಿಯ ಅಮ್ಮನದು. ಹೋದ ವರ್ಷ ಕುಡಿಸಿದ್ದ ಅದೇ ಸಿರಪ್ಪನ್ನು ಈ ಸಲವೂ ಡಾಕ್ಟರು ಬರೆದರಂತೆ. ಮೊದಲನೇ ಚಮಚ ಕುಡಿದು ಅರ್ಧ ಗಂಟೆಯೊಳಗೆ ಮೈಮೇಲೆ ದಪ್ಪ ದಪ್ಪ ಗಂಧೆ ಎದ್ದು, ಮೇಲ್ದುಟಿ ಊದಿಕೊಂಡಿತಂತೆ. “ಅತ್ತೆಯವರು ‘ಔಷಧಿ ಉಷ್ಣ ಆಗಿದೆ, ಎಳನೀರು ಕೊಡು, ನಿನ್ನೆ ಬದನೆಕಾಯಿ ತಿಂದಿದ್ದಾಳೆ, ಅದೂ ನಂಜು’ ಎಂದರು. ಸಂಜೆಯ ಹೊತ್ತಿಗೆ ಎಲ್ಲ ಇಳಿಯಿತು. ಬಾಟಲಿಯಲ್ಲಿ ಉಳಿದದ್ದನ್ನು ಮುಂದುವರಿಸಲೇ?” ಎಂಬುದು ಅವರ ಪ್ರಶ್ನೆ. ಇವರಿಗೆ ಪತ್ರಿಕೆ ಅಚ್ಚಾಗುವವರೆಗೆ ಕಾಯಿಸದೆ ‘ಬೇಡ, ತಕ್ಷಣ ವೈದ್ಯರಿಗೆ ತೋರಿಸಿ’ ಎಂದು ನೇರವಾಗಿ ತಿಳಿಸಿಯಾಗಿದೆ. ಇಲ್ಲಿ ಬರೆಯುತ್ತಿರುವುದು ನಿಮ್ಮೆಲ್ಲರಿಗಾಗಿ. ಮೂರನೆಯ ಪತ್ರಕ್ಕೆ ಕೊನೆಯಲ್ಲಿ ಬರುತ್ತೇನೆ.

ಗಮನಿಸಿದಿರಾ? ಹೆದರಬೇಕಾಗಿಲ್ಲದ ಮನೆಯವರು ಎಂಟು ವರ್ಷದಿಂದ ಹೆದರಿ ಕೂತಿದ್ದಾರೆ. ಹೆದರಬೇಕಾದ ಮನೆಯಲ್ಲಿ ಎಳನೀರು ಕೊಟ್ಟು ಸುಮ್ಮನಾಗಿದ್ದಾರೆ. ನಮ್ಮಲ್ಲಿ ‘ಆಗೋಲ್ಲ’ ಅನ್ನುವ ಒಂದೇ ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ ನೋಡಿ. ಹಾಲು ಆಗೋಲ್ಲ, ಸೀತಾಫಲ ಆಗೋಲ್ಲ, ವಾರಗಿತ್ತಿಯರಿಗೆ ಒಬ್ಬರಿಗೊಬ್ಬರು ಆಗೋಲ್ಲ. ಔಷಧಿಯ ವಿಷಯದಲ್ಲಿ ಮಾತ್ರ ಈ ‘ಆಗೋಲ್ಲ’ವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಿಡಿಸುವ ಕೆಲಸದಲ್ಲಿ ಅರ್ಧ ತಾಯಿಯದೇ. ಯಾಕೆಂದರೆ ದದ್ದು ಎದ್ದಾಗ ಮಗುವಿನ ಪಕ್ಕದಲ್ಲಿ ಇದ್ದವರು ನೀವು. ಡಾಕ್ಟರು ನೋಡುವ ಹೊತ್ತಿಗೆ ಅದು ಇಳಿದಿರುತ್ತದೆ.

ಮೊದಲು ಅಪಾಯದ ಅಲರ್ಜಿ. ನಮ್ಮ ದೇಹದೊಳಗೆ ರೋಗಾಣುಗಳನ್ನು ಹೊಡೆದಟ್ಟುವ ಕಾವಲು ಪಡೆ ಇದೆ. ಕೆಲವರಲ್ಲಿ ಅದು ಔಷಧಿಯನ್ನೇ ಶತ್ರು ಎಂದು ತಿಳಿದು ಬಿಡುತ್ತದೆ. ಮೊದಲ ಸಲ ಔಷಧಿ ಒಳಗೆ ಹೋದಾಗ ಅದರ ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಸದ್ದಿರುವುದಿಲ್ಲ. ಮುಂದಿನ ಸಲ ಅದೇ ಔಷಧಿ ಬಂದಾಗ ಒಮ್ಮೆಗೇ ಮೇಲೆ ಬೀಳುತ್ತದೆ. ಆದ್ದರಿಂದ ‘ಹೋದ ವರ್ಷ ಕುಡಿಸಿದಾಗ ಏನೂ ಆಗಿರಲಿಲ್ಲವಲ್ಲ’ ಎಂಬ ಧೈರ್ಯಕ್ಕೆ ಬೆಲೆಯಿಲ್ಲ. ಎರಡನೆಯ ಪತ್ರದ ಹುಡುಗಿಗೆ ಆದದ್ದು ಬಹುಶಃ ಇದೇ.

ಇಂಥ ಅಲರ್ಜಿಯ ಗುರುತು ಅದರ ವೇಗ. ಔಷಧಿ ಒಳಗೆ ಹೋದ ಕೆಲವು ನಿಮಿಷಗಳಿಂದ ಒಂದು ಗಂಟೆಯೊಳಗೆ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ, ಅಪರೂಪಕ್ಕೆ ಐದಾರು ಗಂಟೆ ತಡವಾಗಬಹುದು. ಸೊಳ್ಳೆ ಕಚ್ಚಿದಂತೆ ಉಬ್ಬಿದ, ವಿಪರೀತ ತುರಿಸುವ ಗಂಧೆಗಳು ಏಳುತ್ತವೆ. ಒಂದು ಕಡೆ ಎದ್ದದ್ದು ಒಂದೆರಡು ಗಂಟೆಯಲ್ಲಿ ಇಳಿದು ಇನ್ನೊಂದು ಕಡೆ ಏಳುತ್ತದೆ. ಕಣ್ಣಿನ ರೆಪ್ಪೆ, ತುಟಿ ಊದಬಹುದು. ಇಷ್ಟಕ್ಕೇ ನಿಂತರೆ ಪುಣ್ಯ. ಆದರೆ ಗಂಟಲು ಕಟ್ಟಿ ದನಿ ಒಡೆದರೆ, ಕೆಮ್ಮು, ಸುಯ್ ಸುಯ್ ಉಸಿರು, ಮೇಲಿಂದ ಮೇಲೆ ವಾಂತಿ, ಮೈ ತಣ್ಣಗಾಗಿ ಮಗು ಬಾಡಿದ ಸೊಪ್ಪಿನಂತೆ ಜೋತುಬಿದ್ದರೆ, ಇದಕ್ಕೆ ಅನಾಫಿಲಾಕ್ಸಿಸ್ ಎನ್ನುತ್ತಾರೆ. ನಿಮಿಷಗಳ ಲೆಕ್ಕ. ಗಂಧೆಯೇ ಇಲ್ಲದೆ ಬರೀ ಉಸಿರು, ವಾಂತಿ, ಸುಸ್ತಿನಲ್ಲೇ ಇದು ಬರುವುದೂ ಉಂಟು, ಮರೆಯಬೇಡಿ.

ಆಗ ಏನು ಮಾಡಬೇಕು? 108ಕ್ಕೆ ಫೋನ್ ಮಾಡಿ. ಗಾಡಿ ಹತ್ತಿರವಿದ್ದು ಆಸ್ಪತ್ರೆಯೂ ಹತ್ತಿರವಿದ್ದರೆ ಹೊರಟೇಬಿಡಿ. ಮಗುವನ್ನು ಅಂಗಾತ ಮಲಗಿಸಿ ಕಾಲು ಸ್ವಲ್ಪ ಎತ್ತರದಲ್ಲಿಡಿ. ಉಸಿರಿಗೆ ಕಷ್ಟಪಡುತ್ತಿದ್ದರೆ ಮಾತ್ರ ಕೂರಿಸಿಕೊಳ್ಳಿ, ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಎಬ್ಬಿಸಿ ನಿಲ್ಲಿಸುವುದು, ನಡೆಸಿಕೊಂಡು ಹೋಗುವುದು ಬೇಡವೇ ಬೇಡ, ರಕ್ತದೊತ್ತಡ ಕುಸಿದಿರುತ್ತದೆ. ಬಾಯಿಗೆ ನೀರು, ಮಜ್ಜಿಗೆ ಹಾಕಬೇಡಿ. ಇದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವುದು. ಮನೆಯಲ್ಲಿರುವ ಅವಿಲ್ ಮಾತ್ರೆ ತುರಿಕೆಯನ್ನು ತಗ್ಗಿಸೀತೇ ಹೊರತು ಕುಸಿಯುತ್ತಿರುವ ಮಗುವನ್ನು ಎತ್ತಿ ಹಿಡಿಯಲಾರದು. ಅದನ್ನು ಕೊಟ್ಟು ‘ನೋಡೋಣ’ ಎಂದು ಕೂತರೆ ಕಳೆಯುವುದು ಅಮೂಲ್ಯವಾದ ಹೊತ್ತು. ಇಂಜೆಕ್ಷನ್ ಆದ ಮೇಲೆ ಮಗು ಕಣ್ಣು ಬಿಟ್ಟು ಬಿಸ್ಕತ್ತು ಕೇಳಿದರೂ ಕೂಡಲೇ ಮನೆಗೆ ಹೊರಡಬೇಡಿ. ಕೆಲವು ಗಂಟೆಗಳ ನಂತರ ಎರಡನೇ ಅಲೆ ಬರುವುದುಂಟು. ಡಾಕ್ಟರು ಹೇಳಿದಷ್ಟು ಹೊತ್ತು ಅಲ್ಲೇ ಇರಿ.

ಎರಡನೆಯ ಪತ್ರದ ತಾಯಿಗೆ ಇನ್ನೊಂದು ಮಾತು. ಸಂಜೆಗೆ ತಾನಾಗಿ ಇಳಿಯಿತು ಅನ್ನುವುದು ಮುಂದಿನ ಸಲವೂ ಇಳಿಯುತ್ತದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಅತ್ತೆಯವರ ಮೇಲೆ ಬೇಸರ ಬೇಡ. ನಂಜು, ಉಷ್ಣ ಅನ್ನುವುದು ಅವರಿಗೆ ಗೊತ್ತಿರುವ ಭಾಷೆ. ಎಳನೀರು ಕೆಟ್ಟದ್ದೂ ಅಲ್ಲ. ಆದರೆ ಆ ಬಾಟಲಿಯ ಇನ್ನೊಂದು ಹನಿಯೂ ಆ ಹುಡುಗಿಯ ಬಾಯಿಗೆ ಹೋಗಬಾರದು. ಗಂಟಲಿನ ಕಾಯಿಲೆಗೆ ಬೇರೆ ಔಷಧಿ ಯಾವುದೆಂದು ವೈದ್ಯರೇ ಹೇಳಲಿ.

ಈಗ ಹಾಸನದ ಪತ್ರ. ನಾಲ್ಕನೇ ದಿನ, ಜ್ವರ ಬಿಟ್ಟ ಮೇಲೆ, ಎದೆ ಬೆನ್ನಿನಲ್ಲಿ ದದ್ದು, ಮಗು ಆಡಿಕೊಂಡಿತ್ತು. ಈ ನಾಲ್ಕು ವಿವರಗಳನ್ನು ಅವರು ಬರೆದದ್ದು ಎಷ್ಟು ಒಳ್ಳೆಯದಾಯಿತು ನೋಡಿ! ಆರು ತಿಂಗಳಿಂದ ಎರಡು ವರ್ಷದ ಕೂಸುಗಳಿಗೆ ರೋಸಿಯೋಲಾ ಎಂಬ ವೈರಸ್ ಜ್ವರ ಬರುತ್ತದೆ. ಮೂರರಿಂದ ಐದು ದಿನ ಸುಡುವ ಜ್ವರ, ಜ್ವರ ಇಳಿಯುತ್ತಿದ್ದಂತೆ ಮೈಮೇಲೆ ತಿಳಿಗೆಂಪು ಚುಕ್ಕೆ. ಔಷಧಿ ಕೊಡಲಿ ಬಿಡಲಿ, ಅದರ ನಡೆಯೇ ಹಾಗೆ. ಮಧ್ಯೆ ಎರಡನೇ ದಿನ ಯಾರಾದರೂ ಆಂಟಿಬಯಾಟಿಕ್ ಕೊಟ್ಟಿದ್ದರೆ ದದ್ದಿನ ಅಪವಾದವೆಲ್ಲ ಅದರ ತಲೆಗೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಹಾಗೆ. ನೋಡದೆ ಇದೇ ಕಾಯಿಲೆ ಎಂದು ನಾನು ಹೇಳಲಾರೆ, ಆದರೆ ಅನುಮಾನ ಬಲವಾಗಿದೆ.

ವೈರಸ್ ಮತ್ತು ಔಷಧಿ ಎರಡೂ ಸೇರಿ ದದ್ದು ಎಬ್ಬಿಸುವುದೂ ಇದೆ. ಗಂಟಲು, ಕತ್ತಿನ ಗಂಟುಗಳು ಊದಿಕೊಂಡು ವಾರಗಟ್ಟಲೆ ಸುಸ್ತು ಹಿಡಿಸುವ ಗ್ರಂಥಿಜ್ವರ ಒಂದುಂಟು, ಎಪ್‌ಸ್ಟೀನ್–ಬಾರ್ ವೈರಸ್ಸಿನದು. ಆ ಜ್ವರದಲ್ಲಿ ಆಂಪಿಸಿಲಿನ್ ಕೊಟ್ಟವರಲ್ಲಿ ಬಹುತೇಕ ಎಲ್ಲರಿಗೂ ದದ್ದು ಏಳುತ್ತದೆಂದು 1960ರ ದಶಕದಲ್ಲಿ ಬರೆದಿದ್ದರು. ಈಚಿನ ಲೆಕ್ಕದಲ್ಲಿ ಅಷ್ಟಿಲ್ಲ, ಆದರೂ ಆಗುವುದು ನಿಜ. ಅದೇ ಮಗುವಿಗೆ ಜ್ವರವೆಲ್ಲ ವಾಸಿಯಾದ ಮೇಲೆ ಆ ಔಷಧಿ ಕೊಟ್ಟರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಅಮಾಕ್ಸಿಸಿಲಿನ್ ಎಂಬುದು ಪೆನಿಸಿಲಿನ್ ಮನೆತನದ್ದೇ, ಮಕ್ಕಳಿಗೆ ಅತಿ ಹೆಚ್ಚು ಬರೆದುಕೊಡುವ ಔಷಧಿಗಳಲ್ಲಿ ಒಂದು. ಅದನ್ನು ಕುಡಿದ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಏನಾದರೊಂದು ದದ್ದು ಕಾಣಿಸಿಕೊಳ್ಳುತ್ತದೆ. ಹೆಚ್ಚಿನವು ಕೆಲವು ದಿನಗಳ ನಂತರ ಬರುವ, ಅಷ್ಟಾಗಿ ಉಬ್ಬದ ಚುಕ್ಕೆಗಳು, ಹೊಟ್ಟೆ ಎದೆಯಿಂದ ಹರಡಿ ಕೆಲವು ದಿನದಲ್ಲಿ ಮಾಸುವಂಥವು. ಇಂಥ ಮಕ್ಕಳಿಗೆ ಮತ್ತೆ ಆ ಔಷಧಿ ಕೊಟ್ಟರೆ ಏನಾಗುತ್ತದೆ ಎಂದು ಕೆನಡಾದ ಮಾಂಟ್ರಿಯಲ್‌ನ ಮಕ್ಕಳ ಆಸ್ಪತ್ರೆಯಲ್ಲಿ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮಾಕ್ಸಿಸಿಲಿನ್ ಅಲರ್ಜಿಯ ಅನುಮಾನವಿದ್ದ 818 ಮಕ್ಕಳಿಗೆ ಆಸ್ಪತ್ರೆಯಲ್ಲೇ, ಕಣ್ಣೆದುರೇ, ಅದೇ ಔಷಧಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟರು. 770 ಮಕ್ಕಳಿಗೆ ಏನೂ ಆಗಲಿಲ್ಲ! 17 ಮಕ್ಕಳಿಗೆ ಕೂಡಲೇ, 31 ಮಕ್ಕಳಿಗೆ ತಡವಾಗಿ ಅಲರ್ಜಿ ಕಾಣಿಸಿತು, ಹೆಚ್ಚಿನವು ಸೌಮ್ಯವಾದವೇ. ಅಂದರೆ ‘ಆಗೋಲ್ಲ’ ಎಂದುಕೊಂಡಿದ್ದವರಲ್ಲಿ ನೂರಕ್ಕೆ 94 ಮಂದಿಗೆ ಆಗುತ್ತಿತ್ತು.

ಬೇರೆ ಔಷಧಿ ಕೊಟ್ಟರಾಯಿತಲ್ಲ, ಇಷ್ಟೆಲ್ಲ ತಲೆನೋವು ಯಾಕೆ ಅಂತೀರಾ? ಕೆಲವು ಸಲ ಆ ‘ಬೇರೆ ಔಷಧಿ’ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಬೆಲೆ ಹೆಚ್ಚು, ಬೇಡದ ರೋಗಾಣುಗಳಿಗೂ ಪಾಠ ಕಲಿಸಿ ಔಷಧಿಗೆ ಬಗ್ಗದ ತಳಿಗಳನ್ನು ಬೆಳೆಸುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕಾರಣ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಗಂಟಲು ನೋವಾಗಿ, ಅದನ್ನು ಅಲಕ್ಷಿಸಿದರೆ, ಕೆಲವರಿಗೆ ಕೆಲವು ವಾರಗಳಲ್ಲಿ ಕೀಲುವಾಯು ಜ್ವರ ಬರುತ್ತದೆ, ಡಾಕ್ಟರುಗಳು ರುಮ್ಯಾಟಿಕ್ ಫೀವರ್ ಎನ್ನುವುದು ಇದನ್ನೇ. ಕೀಲು ಊತ ಇಳಿದುಹೋದರೂ ಹೃದಯದ ಕವಾಟಕ್ಕೆ ಆದ ಗಾಯ ಉಳಿಯಬಹುದು. ಮತ್ತೆ ಮತ್ತೆ ಮರುಕಳಿಸಿದರೆ ಕವಾಟ ಕೆಡುತ್ತಾ ಹೋಗುತ್ತದೆ. ಇದನ್ನು ತಡೆಯಲು ಮೂರು ವಾರಕ್ಕೊಮ್ಮೆ ಪೆನಿಡ್ಯೂರ್ ಇಂಜೆಕ್ಷನ್, ವರ್ಷಗಟ್ಟಲೆ. ಪೆನಿಡ್ಯೂರ್ ಅಂದರೆ ನಿಧಾನವಾಗಿ ಕರಗುವ ಪೆನಿಸಿಲಿನ್ನೇ. ಬೇರೆ ಮಾತ್ರೆಗಳಿವೆ, ಆದರೆ ದಿನಾ ತಪ್ಪದೆ ವರ್ಷಾನುಗಟ್ಟಲೆ ಮಾತ್ರೆ ನುಂಗುವ ಮಗುವನ್ನು ನೀವು ನೋಡಿದ್ದೀರಾ? ದೊಡ್ಡವರೇ ನುಂಗುವುದಿಲ್ಲ.

ಈ ಇಂಜೆಕ್ಷನ್ನಿಗೆ ಜನ ಹೆದರುವುದು ಹೆಚ್ಚು, ಸೂಜಿ ಹಿಡಿಯುವವರೂ ಹೆದರುತ್ತಾರೆ. 1991ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ 1,790 ರೋಗಿಗಳಿಗೆ ಕೊಟ್ಟ 32,430 ಇಂಜೆಕ್ಷನ್ನುಗಳ ಲೆಕ್ಕ ಇಟ್ಟಿದ್ದರು. 57 ಮಂದಿಗೆ ಅಲರ್ಜಿಯ ಯಾವುದಾದರೊಂದು ಲಕ್ಷಣ, ನಾಲ್ವರಿಗೆ ಅನಾಫಿಲಾಕ್ಸಿಸ್, ಒಂದು ಸಾವು. ಒಂದು ಜೀವವೂ ಸಣ್ಣದಲ್ಲ. ಅಡ್ರಿನಲಿನ್ ಕೈಯಳತೆಯಲ್ಲಿರುವ ಕಡೆಯೇ ಚುಚ್ಚಿಸಿಕೊಳ್ಳಬೇಕು, ಆಮೇಲೆ ಅರ್ಧ ಗಂಟೆಯಾದರೂ ಅಲ್ಲೇ ಕೂತಿರಬೇಕು. ಹಾಗೆಂದು ಕೂಸಿದ್ದಾಗ ಎದ್ದ ದದ್ದಿನ ಹೆಸರು ಹೇಳಿ ಕವಾಟ ಕೆಟ್ಟ ಮಗುವಿಗೆ ಈ ಔಷಧಿ ತಪ್ಪಿಸುವುದು ಎಷ್ಟು ದುಬಾರಿ, ನೀವೇ ಯೋಚಿಸಿ.

ಹಾಗಾದರೆ ಆ ಕೆಂಪು ಶಾಯಿಯನ್ನು ಅಳಿಸುವುದು ಹೇಗೆ? ಮಕ್ಕಳ ತಜ್ಞರನ್ನೋ ಅಲರ್ಜಿ ತಜ್ಞರನ್ನೋ ಕಾಣಬೇಕು. ಹಳೆಯ ಕಥೆ ಸೌಮ್ಯವಾದದ್ದೆಂದು ಅವರಿಗೆ ಖಾತ್ರಿಯಾದರೆ ಆಸ್ಪತ್ರೆಯಲ್ಲಿ ಔಷಧಿಯ ಸ್ವಲ್ಪ ಭಾಗ ಬಾಯಿಗೆ ಕೊಟ್ಟು, ಕಾದು ನೋಡಿ, ಉಳಿದದ್ದನ್ನು ಕೊಡುತ್ತಾರೆ. ಕೂಡಲೇ ಗಂಧೆ, ಊತ ಬಂದಿದ್ದ ಮಕ್ಕಳಿಗೆ ಮೊದಲು ಚರ್ಮದ ಪರೀಕ್ಷೆ ಮಾಡುವುದುಂಟು. ನಿಜವಾದ ಪೆನಿಸಿಲಿನ್ ಅಲರ್ಜಿ ಇದ್ದವರಲ್ಲೂ ಹತ್ತು ವರ್ಷ ಕಳೆದ ಮೇಲೆ ನೂರಕ್ಕೆ ಎಂಬತ್ತು ಮಂದಿಯಲ್ಲಿ ಅದು ಮಾಯವಾಗಿರುತ್ತದೆ, ಆದ್ದರಿಂದ ಆ ಹುಡುಗಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಇದನ್ನೆಲ್ಲ ಓದಿ ‘ನಾನೇ ಅರ್ಧ ಚಮಚ ಕೊಟ್ಟು ನೋಡ್ತೀನಿ’ ಎಂದು ಯಾರೂ ಹೊರಡಬೇಡಿ ಮತ್ತೆ! ಅಡುಗೆಮನೆ ಈ ಪ್ರಯೋಗದ ಜಾಗ ಅಲ್ಲ.

ಇಂಜೆಕ್ಷನ್ನಿಗೆ ಮುಂಚೆ ಮುಂದೋಳಿನಲ್ಲಿ ಸಣ್ಣ ಗುಳ್ಳೆ ಎಬ್ಬಿಸಿ ನೋಡುವ ‘ಟೆಸ್ಟ್ ಡೋಸ್’ ನಿಮಗೆಲ್ಲ ಗೊತ್ತು. ಅದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಔಷಧಿಯ ಖಾರಕ್ಕೇ ಚರ್ಮ ಕೆಂಪಾದರೆ ಇಲ್ಲದ ಅಲರ್ಜಿಯ ಹಣೆಪಟ್ಟಿ, ಕೆಂಪಾಗದಿದ್ದರೆ ಹುಸಿ ಧೈರ್ಯ. ಹಿಂದೆ ಏನಾಗಿತ್ತೆಂದು ಸರಿಯಾಗಿ ಕೇಳಿ ತಿಳಿಯುವುದು ಅದಕ್ಕಿಂತ ಮೇಲು.

ತಡವಾಗಿ ಬರುವ ದದ್ದುಗಳೆಲ್ಲ ಸಾಧುವಲ್ಲ, ಇದನ್ನೂ ಹೇಳಿಬಿಡಬೇಕು. ಜ್ವರದ ಜೊತೆಗೆ ಬಾಯಿ, ತುಟಿ, ಕಣ್ಣು, ಮೂತ್ರದ ಜಾಗದಲ್ಲಿ ಹುಣ್ಣು, ಮೈಮೇಲೆ ನೀರು ತುಂಬಿದ ಬೊಬ್ಬೆ, ಮುಟ್ಟಿದರೆ ಉರಿ, ಸುಟ್ಟಂತೆ ಚರ್ಮ ಸುಲಿಯುವುದು ಕಂಡರೆ ಔಷಧಿ ನಿಲ್ಲಿಸಿ ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. 1922ರಲ್ಲಿ ಅಮೆರಿಕದ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ವೈದ್ಯರು ಇಬ್ಬರು ಹುಡುಗರಲ್ಲಿ ಕಂಡು ವರ್ಣಿಸಿದ ಕಾಯಿಲೆ ಇದು, ಅವರ ಹೆಸರಿನಲ್ಲೇ ಕರೆಯುತ್ತಾರೆ. ಅಪರೂಪ, ಆದರೆ ಜೀವಕ್ಕೂ ಕಣ್ಣಿಗೂ ಅಪಾಯ. ಸೆಪ್ಟ್ರಾನ್‌ನಂಥ ಸಲ್ಫಾ ಔಷಧಿಗಳಿಂದ ಬರುವುದು ಗೊತ್ತಿದೆ. ಒಮ್ಮೆ ಹೀಗಾದ ಮಗುವಿಗೆ ಆ ಔಷಧಿ ಜನ್ಮದಲ್ಲಿ ಮತ್ತೆ ಬೇಡ, ಕೊಟ್ಟು ನೋಡುವ ಪರೀಕ್ಷೆಯೂ ಬೇಡ. ದದ್ದಿನ ಜೊತೆ ಕೀಲು ಊದಿ ಮಗು ಕುಂಟಿದರೂ ತಡಮಾಡದೆ ತೋರಿಸಿ. ಬೆರಳಲ್ಲಿ ಒತ್ತಿದಾಗ ಮಾಯವಾಗದ ಕೆಂಪು ಚುಕ್ಕೆ ಕಂಡರೂ ಅಷ್ಟೆ. ಅದು ಔಷಧಿಯದಲ್ಲದೆ ಡೆಂಗಿಯದೋ ಮೆದುಳು ಜ್ವರದ್ದೋ ಇರಬಹುದು. ‘ಅಮ್ಮ ಬಂದಿದೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದಕ್ಕೆ ನನ್ನ ತಕರಾರೇನೂ ಇಲ್ಲ, ಕಟ್ಟಿ ಆಸ್ಪತ್ರೆಗೆ ಹೊರಡಿ.

ಬೇಧಿಯಾಯಿತು, ಕಹಿಗೆ ವಾಂತಿ ಮಾಡಿಕೊಂಡಿತು, ನಾಲಿಗೆ ಮೇಲೆ ಬಿಳಿ ಅಗ್ರ ಕಟ್ಟಿತು, ಇವು ಅಲರ್ಜಿಯಲ್ಲ, ಔಷಧಿಯ ಅಡ್ಡ ಪರಿಣಾಮ. ಡಾಕ್ಟರಿಗೆ ಹೇಳಿ, ಅಲರ್ಜಿ ಎಂದು ಬರೆಸಬೇಡಿ.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ಹಾಲಿನ ಲೆಕ್ಕ, ಅಗಸರ ಲೆಕ್ಕ ಬರೆದಿಟ್ಟ ನಮಗೆ ಇದೇನು ಕಷ್ಟ? ಔಷಧಿ ಕುಡಿಯುವಾಗ ಮಗುವಿಗೆ ಏನಾದರೂ ಆದರೆ ಅಂದೇ ಒಂದು ಪುಟ ಬರೆಯಿರಿ. ತಾರೀಖು, ಯಾವ ಕಾಯಿಲೆಗೆ ಕೊಟ್ಟದ್ದು, ಎಷ್ಟನೇ ದಿನದ ಎಷ್ಟನೇ ಚಮಚ, ಕುಡಿದು ಎಷ್ಟು ಹೊತ್ತಿಗೆ ಶುರುವಾಯಿತು, ಉಬ್ಬಿತ್ತೋ ಚಪ್ಪಟೆಯೋ, ತುರಿಕೆ ಇತ್ತೋ, ಉಸಿರು ಹೇಗಿತ್ತು, ಎಷ್ಟು ದಿನಕ್ಕೆ ಹೋಯಿತು, ಅದೇ ಹೊತ್ತಿಗೆ ಬೇರೆ ಏನು ಮಾತ್ರೆ ಕೊಟ್ಟಿದ್ದಿರಿ. ಬೆಳಕಿನಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ದದ್ದಿನ ಫೋಟೋ ತೆಗೆದಿಡಿ. ಬಾಟಲಿಯದೂ ಒಂದು ಫೋಟೋ ಇರಲಿ. ‘ಗುಲಾಬಿ ಬಣ್ಣದ ಸಿರಪ್ಪು, ಸಿಹಿ ಇತ್ತು’ ಎಂದರೆ ಯಾವ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ.

ಹೆಸರಿನ ವಿಷಯದಲ್ಲಿ ಎಚ್ಚರ. ತವರಿನಲ್ಲಿ ಒಂದು, ಗಂಡನ ಮನೆಯಲ್ಲಿ ಒಂದು ಹೆಸರಿಟ್ಟುಕೊಂಡ ಹುಡುಗಿಯಂತೆ ಒಂದೇ ಔಷಧಿಗೆ ಕಂಪನಿಗೊಂದು ಹೆಸರು. ಮಾಕ್ಸ್ ಅಂದರೂ ನೊವಾಮಾಕ್ಸ್ ಅಂದರೂ ಒಳಗಿರುವುದು ಅಮಾಕ್ಸಿಸಿಲಿನ್. ಆಗ್ಮೆಂಟಿನ್‌ನಲ್ಲಿಯೂ ಅದೇ, ಜೊತೆಗೆ ಇನ್ನೊಂದು. ‘ಮಾಕ್ಸ್ ಆಗೋಲ್ಲ’ ಎಂದು ನೆನಪಿಟ್ಟುಕೊಂಡು ಆಗ್ಮೆಂಟಿನ್ ಕುಡಿಸಿದರೆ ಏನು ಪ್ರಯೋಜನ? ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಮೂಲ ಹೆಸರನ್ನು ಅಂಗಡಿಯವರಿಂದ ಓದಿಸಿ, ಬರೆದುಕೊಳ್ಳಿ. ಆ ಪುಟವನ್ನು ತಾಯಿ ಕಾರ್ಡಿನ ಜೊತೆ, ಚುಚ್ಚುಮದ್ದಿನ ಲೆಕ್ಕದ ಪಕ್ಕದಲ್ಲೇ ಇಡಿ. ನಿಜವಾದ ಅಲರ್ಜಿ ಇದ್ದರೆ ಶಾಲೆಯ ಟೀಚರಿಗೂ, ಮಗು ರಜೆಗೆ ಹೋಗುವ ಅಜ್ಜಿ ಮನೆಗೂ ತಿಳಿದಿರಲಿ. ಮತ್ತೆ, ನೆಗಡಿ ಕೆಮ್ಮಿಗೆಲ್ಲ ಅಂಗಡಿಯಿಂದ ಕೇಳಿ ತಂದು ಆಂಟಿಬಯಾಟಿಕ್ ಕುಡಿಸುವುದನ್ನು ನಿಲ್ಲಿಸಿದರೆ ಈ ಗೊಂದಲದ ಅರ್ಧಪಾಲು ಹುಟ್ಟುವುದೇ ಇಲ್ಲ. ವೈರಸ್ಸಿಗೆ ಅದು ನಾಟುವುದಿಲ್ಲ.

ಮೂರನೆಯ ಪತ್ರ ಹೊಸ ಬಾಣಂತಿಯೊಬ್ಬರದು: “ನನಗೆ ಪೆನಿಸಿಲಿನ್ ಆಗುವುದಿಲ್ಲ. ಹಾಗಾದರೆ ನನ್ನ ಮಗಳಿಗೂ ಕೊಡಬಾರದೇ?” ಕೊಡಬಹುದಮ್ಮ. ಅಮ್ಮನಿಗೋ ಅಣ್ಣನಿಗೋ ಇದೆಯೆಂಬ ಒಂದೇ ಕಾರಣಕ್ಕೆ ಮಗುವಿಗೆ ಆ ಔಷಧಿ ತಪ್ಪಿಸಬೇಕಾಗಿಲ್ಲ. ಡಾಕ್ಟರು ಕೇಳಿದಾಗ ‘ನನಗೆ ಇದೆ, ಮಗಳಿಗೆ ಇಂದಿನವರೆಗೆ ಏನೂ ಆಗಿಲ್ಲ’ ಎಂದು ಎರಡನ್ನೂ ಬೇರೆ ಬೇರೆಯಾಗಿ ಹೇಳಿ. ನಿಮಗೆ ಆದದ್ದು ಯಾವ ವಯಸ್ಸಿನಲ್ಲಿ, ಹೇಗೆ ಎಂದು ನಿಮ್ಮ ತಾಯಿಯವರನ್ನು ಕೇಳಿ ನೋಡಿ. ಅವರಿಗೆ ಇನ್ನೂ ನೆನಪಿದ್ದರೆ ಅದನ್ನೂ ಬರೆದಿಟ್ಟುಕೊಂಡು, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ನಿಮ್ಮ ವಿಷಯವನ್ನೂ ಒಮ್ಮೆ ಕೇಳಿ.